ಕೈಯಳತೆ

ಹದಿಮೂರನೇ ದಿನದ ಊಟ ಮುಗಿಸಿ ನೆಂಟರೆಲ್ಲ ಎದ್ದು ಹೋದ ಮೇಲೆ
ಅಪ್ಪ ತಾರ್ಲೆ ಮೀನು ತಂದ, ಒಲೆ ಹೊತ್ತಿಸಿದ.

ಸಾಣಿಕಟ್ಟೆಯ ಆಗರದಲ್ಲಿ ಇಪ್ಪತ್ತು ಬೇಸಿಗೆ
ಉಪ್ಪು ಎಳೆದವನು,
ಬುಟ್ಟಿ ಬುಟ್ಟಿ ತಲೆ ಮೇಲೆ ಹೊತ್ತು ಗೋದಾಮಿಗೆ ಸುರಿದವನು,
ಕೆಸರು ಯಾವುದು ಹರಳು ಯಾವುದು
ಕತ್ತಲಲ್ಲೂ ಅಂಗಾಲಲ್ಲೇ ಹೇಳುವವನು
ನಾಲ್ಕು ಜನರ ಸಾರಿಗೆ ಎಷ್ಟು ಅಂತ ತಿಳಿಯದೆ
ಗಡಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

ಆಚೆಮನೆ ಹನುಮಕ್ಕನನ್ನು ಕೇಳಿದ.
'ಕೈಗೆ ಗೊತ್ತಿರ್ತದೆ ಬುದ್ದಣ್ಣ' ಅಂದಳು.
'ನನ್ನ ಕೈಗೆ ಮೂಟೆ ಲೆಕ್ಕ ಒಂದೇ ಗೊತ್ತು.'

ಸಮುದ್ರವನ್ನೇ ಕುದಿಸಿ ಬಡಿಸಿದ ಹಾಗಿತ್ತು.
ತಮ್ಮ ಜಟ್ಟಿ ಅನ್ನದಲ್ಲಿ ಕಟ್ಟೆ ಕಟ್ಟಿ
ಸಾರನ್ನು ಒಂದು ಮೂಲೆಯಲ್ಲಿ ತಡೆದ.
ಸಣ್ಣವಳು ರಾಕು ಬಾಯಿ ತೆರೆಯಲೇ ಇಲ್ಲ.
ನಾನು ದೊಡ್ಡವಳು, ಹತ್ತು ವರ್ಷ,
ನಾನೇ ಅಂದೆ: 'ಅವ್ವಿ ಹೀಂಗೆ ಮಾಡ್ತಿರ್ಲಿಲ್ಲ.'
ಅಪ್ಪ ತನ್ನ ಗಂಗಾಳದ್ದಷ್ಟನ್ನೂ ಉಂಡ,
ಮೂರು ಚೊಂಬು ನೀರು ಕುಡಿದ.

ಮಾಸೂರಿನ ಅತ್ತೆ ಬಂದಳು.
ತೊರ್ಕೆಯಲ್ಲಿ ಒಬ್ಬಳಿದ್ದಾಳಂತೆ, ಗಂಡ ಬಿಟ್ಟವಳು,
ಕೆಲಸಗಾತಿ, ಮಾತು ಕಮ್ಮಿ.
'ಮಳೆ ಬರ್ಲಿ, ನೋಡ್ವ' ಅಂದ ಅಪ್ಪ.
ಮಳೆ ಬಂತು, ಆಗರ ಮುಳುಗಿತು, ಅತ್ತೆ ಮತ್ತೆ ಬಂದಳು.
'ಈ ಮಳೆ ಒಂದು ಹೋಗ್ಲಿ.'
ಹೀಗೆ ಒಂಬತ್ತು ಮಳೆ.
ಅಷ್ಟರಲ್ಲಿ ತೊರ್ಕೆಯವಳಿಗೆ ಎಲ್ಲೋ ಕೂಡಿಬಂದು
ಅಪ್ಪನೇ ಹೋಗಿ ಮದುವೆ ಊಟ ಉಂಡು ಬಂದ;
ಪಾಯಸ ಚೆನ್ನಾಗಿತ್ತಂತೆ.

ಸೊಸೈಟಿಯವರು ಬೈದರು:
ಹೆಸರು ತೆಗೆಸು ಮಾರಾಯ, ಸತ್ತವರ ಅಕ್ಕಿ ಎಷ್ಟು ದಿನ ಉಣ್ತೆ?
ಪಂಚಾಯತಿಗೆ ಮೂರು ಸಲ ಹೋದ.
ಒಂದು ಸಲ ಕರೆಂಟಿಲ್ಲ, ಒಂದು ಸಲ ಸಾಹೇಬರಿಲ್ಲ,
ಮೂರನೇ ಸಲ ಎರಡೂ ಇದ್ದವು,
ಮೆಟ್ಟಿಲ ತನಕ ಹೋಗಿ ಅಪ್ಪನೇ ತಿರುಗಿ ಬಂದ.
ಆಮೇಲೆ ಯಂತ್ರ ಬಂತು. ಅವನ ಹೆಬ್ಬೆರಳು ಅದಕ್ಕೆ ಸಿಗಲಿಲ್ಲ,
ಗೆರೆಗಳನ್ನೆಲ್ಲ ಉಪ್ಪು ತಿಂದಿತ್ತು.
ಒರೆಸಿ ಒರೆಸಿ ಒತ್ತಿದ, ಎಣ್ಣೆ ಹಚ್ಚಿ ಒತ್ತಿದ.
ಕಡೆಗೆ ನಾನು ಬೆರಳೊತ್ತಿ ಅಕ್ಕಿ ತಂದೆ.

ನನಗೆ ಹನ್ನೆರಡಾದಾಗ
ಬಾವಿಕಟ್ಟೆಯ ಹಿಂದೆ ಕೂತು ಲಂಗ ತೊಳೆಯುತ್ತಿದ್ದುದನ್ನು
ಅವನು ನೋಡಿದನೋ, ಹನುಮಕ್ಕ ಹೇಳಿದಳೋ.
ಮಟಮಟ ಮಧ್ಯಾಹ್ನ ಗೋಕರ್ಣಕ್ಕೆ ಸೈಕಲ್ ತುಳಿದು
ಪೇಪರು ಸುತ್ತಿದ ಪೊಟ್ಟಣವೊಂದನ್ನು ತಂದು
ಒರಳಿನ ಮೇಲಿಟ್ಟು
ಅಂಗಳದ ತುದಿಗೆ ಹೋಗಿ, ಬೆನ್ನು ಹಾಕಿ ನಿಂತು
ಎರಡು ಸಲ ಕೆಮ್ಮಿದ.
ಮತ್ತೆ ತಿಂಗಳು ತಿಂಗಳೂ ಆ ಒರಳು, ಆ ಕೆಮ್ಮು.
ನನ್ನ ಮದುವೆಯ ದಿನ ಧಾರೆ ಎರೆದು
ಅಂಗಳದ ತುದಿಗೆ ಹೋದ.
ಎರಡು ಸಲ. ನನಗೆ ಕೇಳಿಸಿತು.

ಈಗ ಕುಮಟೆಯ ಡಾಕ್ಟರು ಬಿಪಿ ಅಂದಿದ್ದಾರೆ,
ಉಪ್ಪು ಬಿಡಬೇಕಂತೆ.
ಚೀಟಿ ಹಿಡಿದುಕೊಂಡು ಅಪ್ಪ ಎಷ್ಟು ನಕ್ಕನೆಂದರೆ
ಸರದಿಯಲ್ಲಿ ಕೂತ ಮುದುಕಿಯೊಬ್ಬಳೂ ಸುಮ್ಮನೆ ನಕ್ಕಳು.
ಹಲಗೆ ಎಳೆಯುವುದು ಈಗ ಜಟ್ಟಿ.
ಅಪ್ಪ ಕಟ್ಟೆ ಮೇಲೆ ಕೂತು, ನೀರು ಇನ್ನೂ ಹಣ್ಣಾಗಿಲ್ಲ,
ನಾಳೆ ಎಳಿ, ಅನ್ನುತ್ತಾನೆ.

ಮೊನ್ನೆ ಬೇಲೇಕೇರಿಗೆ ನಮ್ಮಲ್ಲಿಗೆ ಬಂದಿದ್ದ.
ಅವನಿಗೆ ಸಪ್ಪೆ ಸಾರು ಬೇರೆ ಮಾಡಿದ್ದೆ.
ನಮ್ಮ ಸಾರಿಗೆ ಕೈ ಜಾರಿ, ಉಪ್ಪು ಅಂತ ಮಗ ಗಂಗಾಳ ದೂಡಿದ.
'ನನ್ನ ಅವ್ವಿ ಮಾಡಿದ್ದು ಉಣ್ಣಬೇಕಿತ್ತು ನೀನು,
ಒಂದು ಹರಳು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ' ಅಂದೆ.

ಅಪ್ಪ ಮುಳ್ಳು ಬಿಡಿಸುತ್ತಿದ್ದ. ತಲೆ ಎತ್ತದೆ,
'ಅವಳದ್ದೂ ಉಪ್ಪೇ ಆಗಿತ್ತು' ಅಂದ. 'ದಿನಾ.
ಆಗರದಿಂದ ಬಂದವ್ನ ಮೈಯಲ್ಲಿ ಉಪ್ಪು ಉಳಿದಿರೂದಿಲ್ಲ,
ಬೇಕಾತದೆ ಅಂತಿದ್ಲು.'

ನಾನು ನಾಲಿಗೆಯಲ್ಲಿ ಹುಡುಕಿದೆ. ಆ ಸಾರು ಬರಲಿಲ್ಲ.
ಬಂದದ್ದು ಅಪ್ಪನದ್ದೇ, ಆವತ್ತಿನದು.

'ಮತ್ತೆ ಆವತ್ತು ಯಾಕೆ ಹೇಳ್ಲಿಲ್ಲ?'

'ಹೇಳೂಕೆ ಏನದೆ' ಅಂದ,
ಬಿಡಿಸಿದ ಮೀನು ಮೊಮ್ಮಗನ ಗಂಗಾಳಕ್ಕೆ ಹಾಕಿದ.